ದ್ವೀಪ ದೇಶದ ನಾಲ್ಕು ನಿಮಿಷ

ಹೋದ ತಿಂಗಳು ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಅರಕಲಗೂಡಿನಲ್ಲಿ ರಾಮನಾಥಪುರದ ಬಸ್ಸು ಹತ್ತಿದೆ. ಊರು ಇನ್ನೂ ಎರಡು ಮೈಲಿ ಇರುವಾಗಲೇ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ಬಂತು. ಹೊಗೆಸೊಪ್ಪು ಎಂದರೆ ಬೀಡಿಯ ಘಾಟು ಎಂದುಕೊಂಡವರಿಗೆ ಈ ವಾಸನೆ ಗೊತ್ತಿರುವುದಿಲ್ಲ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನೊಳಗೆ ಹಸಿರೆಲೆ ಬಿಸಿಗಾಳಿಗೆ ಹಳದಿಯಾಗುವಾಗ ಬರುವುದು ಒಂಥರಾ ಸಿಹಿ ವಾಸನೆ, ಆಲೆಮನೆಯ ಪಕ್ಕದಲ್ಲಿ ಹುಲ್ಲಿನ ಮೆದೆ ಒಟ್ಟಿದ ಹಾಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಕಿಟಕಿಯನ್ನು ಇನ್ನೊಂದಿಷ್ಟು ಸರಿಸಿದೆ. ಆ ವಾಸನೆಯಲ್ಲಿ ನಾನು ಇಡೀ ಒಂದು ಮಳೆಗಾಲ ಕಳೆದಿದ್ದೇನೆ. ಆ ಮಳೆಗಾಲ ನಾನು ಒಂದು ದೇಶವಾಗಿದ್ದೆ. ಸಮುದ್ರದ ನಡುವಿನ ಸಣ್ಣ ದೇಶ, ದಿನಕ್ಕಿಷ್ಟು ಮುಳುಗುತ್ತಿದ್ದ ದೇಶ.

ಅರಕಲಗೂಡಿನ ಕಾಲೇಜಿಗೆ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಬಂದು ಎರಡನೇ ವರ್ಷ ಅದು. ಅತಿಥಿ ಎಂಬ ಪದವನ್ನು ಸರ್ಕಾರ ಬಹಳ ಯೋಚಿಸಿಯೇ ಇಟ್ಟಿದೆ. ಬಂದವರು ಯಾವಾಗ ಹೊರಡುತ್ತಾರೆಂದು ಎಲ್ಲರೂ ಕಾಯುತ್ತಿರುತ್ತಾರೆ. ಕೋಟೆ ಬೀದಿಯ ಒಂದು ಮಹಡಿಯ ಮೇಲೆ ನನ್ನ ಕೋಣೆ. ಮಾಲೀಕರು ಮೈಸೂರಿನಲ್ಲಿದ್ದರು, ಕೆಳಗಿನ ಮನೆಗೆ ಬೀಗ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟರೆ ಸೋಮವಾರ ಬೆಳಗಿನ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಇದು ಗೊತ್ತಾಗಿದ್ದು ಒಂದು ಸೋಮವಾರ, ತರಗತಿಯಲ್ಲಿ ಹಾಜರಿ ಕೂಗಲು ಹೋದಾಗ ಗಂಟಲಿನಿಂದ ಬರೀ ಗಾಳಿ ಬಂದಿತು. ಮುಂದಿನ ವಾರದಿಂದ ಭಾನುವಾರದ ಸಂಜೆ ತರಕಾರಿ ಗಾಡಿಯ ಹತ್ತಿರ ಹೋಗಿ, ಬೇಕಿಲ್ಲದಿದ್ದರೂ ಬದನೆಕಾಯಿಯ ಬೆಲೆ ಕೇಳಿ ಬರಲು ಶುರುಮಾಡಿದೆ. ದನಿ ಇದೆಯೋ ಇಲ್ಲವೋ ನೋಡಿಕೊಳ್ಳುವುದಕ್ಕೆ.

ಹೀಗೆ ಒಬ್ಬಳೇ ಯಾಕಾದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು ಚನ್ನರಾಯಪಟ್ಟಣ. ಅಪ್ಪ ಕಟ್ಟಿದ ಕೊಬ್ಬರಿ ಮಂಡಿಯನ್ನು ಈಗ ಅಣ್ಣ ನಂಜುಂಡಸ್ವಾಮಿ ನೋಡಿಕೊಳ್ಳುತ್ತಾನೆ. ನನ್ನನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದರು. ಆರು ವರ್ಷ ಸಂಸಾರ ಮಾಡಿದೆ, ಮಕ್ಕಳಾಗಲಿಲ್ಲ. ಗಂಡ ಕೆಟ್ಟವನಲ್ಲ, ಅವರಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೊಂದು ಬಿಟ್ಟರೆ ಬೇರೆ ದುಶ್ಚಟ ಅವನಿಗಿರಲಿಲ್ಲ. ಒಂದು ಭಾನುವಾರ ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ಬೆಳಗ್ಗೆ ಹತ್ತಕ್ಕೆ ಶುರುವಾದ ಮಾತು ಸುತ್ತಿ ಸುತ್ತಿ ಒಂದು ಕಡೆ ಬಂದು ನಿಂತಿತು. ಇಬ್ಬರೂ ಒಪ್ಪಿ ಬೇರೆಯಾಗುವುದು, ಹುಡುಗನಿಗೆ ಬೇರೆ ಹೆಣ್ಣು ನೋಡುವುದು, ನನ್ನ ಒಡವೆ ನನಗೆ ಬರುವುದು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

ಕೊನೆಗೆ ದೊಡ್ಡಪ್ಪ, “ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?” ಎಂದು ಸುತ್ತ ನೋಡಿದರು. ನಾನು ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಬಾಯಿ ತೆರೆದೆ. ಅಷ್ಟರಲ್ಲಿ ಅವರು, “ಸರಿ ಹಾಗಾದ್ರೆ, ಎಲ್ರೂ ಒಪ್ಪಿದಂಗಾಯ್ತು” ಎಂದು ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದುಬಿಟ್ಟರು.

ಆ ಮನೆ ನನಗೆ ಬೇಕಿತ್ತು ಎಂದಲ್ಲ. ಕೇಳಿದ್ದರೆ ಬಹುಶಃ ಬೇಡವೆಂದೇ ಹೇಳುತ್ತಿದ್ದೆ. ಆದರೆ ಆ ಬೇಡವನ್ನು ನಾನೇ ಹೇಳಬೇಕಿತ್ತು. ನನ್ನನ್ನು ಕೇಳದೆ ನಾನು ಒಪ್ಪಿದೆ ಎಂದುಬಿಟ್ಟರಲ್ಲ, ಅದೊಂದನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ. ಅಣ್ಣನೂ ಅಲ್ಲೇ ಗೋಡೆಗೊರಗಿ ಕೂತಿದ್ದ. ಅವನು ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಖಂಡಿತ ತಡೆಯುತ್ತಿದ್ದ ಎಂದು ನನಗೆ ನಾನೇ ಹೇಳಿಕೊಂಡು ದಿನ ದೂಡುತ್ತಿದ್ದೆ. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ. ಮಳೆ ಆಯ್ತಾ, ಗ್ಯಾಸ್ ಬಂತಾ, ಅವ್ವನ ಮಂಡಿನೋವು ಹಿಂಗಿದೆ, ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಈ ವಿಷಯವನ್ನು ಅದರ ನಡುವೆ ತುರುಕುವ ಜಾಗ ನನಗೆ ಸಿಗಲೇ ಇಲ್ಲ.

ಜೂನ್ ತಿಂಗಳಲ್ಲಿ ಒಬ್ಬರು ಕಾಲೇಜಿಗೆ ನನ್ನನ್ನು ಹುಡುಕಿಕೊಂಡು ಬಂದರು. ರಾಮನಾಥಪುರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಸೋಮಶೇಖರ್. ಕೊಡೆಯಿಂದ ನೀರು ಸುರಿಯುತ್ತಿದ್ದರೂ ಎದೆಗೆ ಅವಚಿಕೊಂಡಿದ್ದ ಪ್ಲಾಸ್ಟಿಕ್ ಚೀಲ ಮಾತ್ರ ಒಣಗಿತ್ತು. ಅದರೊಳಗೆ ಅವರೇ ಬರೆದ ನಾಟಕ. ಹವಾಮಾನದ ಬಗ್ಗೆ ಜಗತ್ತಿನ ದೇಶಗಳೆಲ್ಲ ವರ್ಷಕ್ಕೊಮ್ಮೆ ಸೇರಿ ಮಾತುಕತೆ ನಡೆಸುತ್ತವಲ್ಲ, ಅಂಥ ಒಂದು ಸಮ್ಮೇಳನದ ಕೊನೆಯ ದಿನವೇ ನಾಟಕ. ಯಾವ ದೇಶಕ್ಕೂ ಹೆಸರಿಟ್ಟಿರಲಿಲ್ಲ. ಬಲಾಢ್ಯ ದೇಶ, ಎಣ್ಣೆ ದೇಶ, ಕಲ್ಲಿದ್ದಲು ದೇಶ, ದ್ವೀಪ ದೇಶ.

“ಹೆಸರು ಹಾಕಿದ್ರೆ ಯಾರಾದ್ರೂ ತಕರಾರು ತೆಗೀತಾರೆ ಮೇಡಂ” ಎಂದರು. “ಹಾಸನದಲ್ಲಿ ನಾಟಕ ಸ್ಪರ್ಧೆ ಇದೆ. ನಮ್ಮೂರ ತಂಡದೋರು ಇಪ್ಪತ್ತು ವರ್ಷದಿಂದ ಪೌರಾಣಿಕ ಮಾಡ್ತಿದ್ದಾರೆ. ಈ ಸಲ ಇದನ್ನ ಮಾಡೋಣ ಅಂತ ಕಾಲು ಹಿಡಿದು ಒಪ್ಪಿಸಿದೀನಿ. ಒಂದು ಹೆಣ್ಣು ಪಾತ್ರ ಇದೆ.”

ನಮ್ಮ ಕಡೆ ಹಳ್ಳಿ ನಾಟಕಕ್ಕೆ ಹೆಣ್ಣು ಪಾತ್ರದವರನ್ನು ಹೊರಗಿನಿಂದ ಕರೆಸುವುದೇ ವಾಡಿಕೆ. ಅವರು ಆಟದ ದಿನ ಬಂದು, ಬಣ್ಣ ಹಚ್ಚಿ, ಹಾಡಿ ಹೋಗುತ್ತಾರೆ. ಮೇಷ್ಟ್ರಿಗೆ ಪ್ರತಿ ವಾರ ಅಭ್ಯಾಸಕ್ಕೆ ಬರುವವರು ಬೇಕಿತ್ತು. ನನಗೆ ಅಭಿನಯದ ಗಂಧಗಾಳಿಯೂ ಇಲ್ಲ ಎಂದೆ. “ಭಾನುವಾರ ನೀವು ಏನು ಮಾಡ್ತೀರಿ?” ಎಂದು ಕೇಳಿದರು. ಬದನೆಕಾಯಿಯ ಬೆಲೆ ಕೇಳುತ್ತೇನೆ ಎಂದು ಹೇಳುವುದು ಹೇಗೆ? ಒಪ್ಪಿಕೊಂಡೆ.

ಅಭ್ಯಾಸ ನಡೆಯುತ್ತಿದ್ದದ್ದು ಬೋರೇಗೌಡರ ಬ್ಯಾರನ್ನಿನ ಮುಂದಿನ ಶೆಡ್ಡಿನಲ್ಲಿ. ಬೋರೇಗೌಡರು ಹೊಗೆಸೊಪ್ಪು ಬೆಳೆಯುವವರು, ಸುತ್ತಲ ಹಳ್ಳಿಗಳಲ್ಲೆಲ್ಲ ದುರ್ಯೋಧನನ ಪಾತ್ರಕ್ಕೆ ಹೆಸರಾದವರು. ಅವರು ನಡೆದು ಬಂದರೆ ಗದೆ ಇಲ್ಲದಿದ್ದರೂ ಇದ್ದ ಹಾಗೆ ಕಾಣುತ್ತಿತ್ತು. ಮೊದಲ ದಿನ ಪಾತ್ರ ಹಂಚುವಾಗ ಬಲಾಢ್ಯ ದೇಶ ತಮಗೇ ಬೇಕೆಂದು ಮೂವರು ಪಟ್ಟು ಹಿಡಿದರು. ಎಣ್ಣೆ ದೇಶಕ್ಕೂ ಇಬ್ಬರಿದ್ದರು, ನಿಲುವಂಗಿ ಹಾಕಬಹುದೆಂದು. ದ್ವೀಪ ದೇಶ ಯಾರಿಗೂ ಬೇಡ. ಎಂಬತ್ತು ನಿಮಿಷ ಸುಮ್ಮನೆ ಕೂತಿರಬೇಕು, ಕೊನೆಗೆ ನಾಲ್ಕು ನಿಮಿಷದ ಒಂದೇ ಒಂದು ಮಾತು. “ಹಾಡಾದ್ರೂ ಮಡಗಿ ಸಾ ಆವಮ್ಮಂಗೆ, ಜನ ಎದ್ದೋಯ್ತಾರೆ” ಎಂದು ಬೋರೇಗೌಡರು ನನ್ನ ಪರವಾಗಿ ಮೇಷ್ಟ್ರನ್ನು ಕೇಳಿಕೊಂಡರು. ಮೇಷ್ಟ್ರು ಹಾಡು ಇಡಲಿಲ್ಲ.

ಸಭೆಯ ಅಧ್ಯಕ್ಷನ ಪಾತ್ರ ಶಿವಲಿಂಗಪ್ಪನವರದು. ಅವರು ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಬಹಳ ವರ್ಷ ಹರಾಜು ಕೂಗಿದವರು. ಈಗ ಅಲ್ಲಿ ಎಲ್ಲರ ಕೈಯಲ್ಲೂ ಯಂತ್ರ ಬಂದು ಕೂಗುವ ಕೆಲಸವೇ ಇಲ್ಲವಾಗಿದೆ. ಅವರ ಕಾಲದಲ್ಲಿ ಖರೀದಿದಾರರು ಯಾರೂ ಬಾಯಿ ಬಿಟ್ಟು ಬೆಲೆ ಹೇಳುತ್ತಿರಲಿಲ್ಲವಂತೆ. ಒಬ್ಬ ಹುಬ್ಬು ಹಾರಿಸುತ್ತಾನೆ, ಒಬ್ಬ ಪೆನ್ನಿನ ತುದಿ ಎತ್ತುತ್ತಾನೆ, ಇನ್ನೊಬ್ಬ ಕಿವಿ ಮುಟ್ಟಿಕೊಳ್ಳುತ್ತಾನೆ. ಇವರು ಸೊಪ್ಪಿನ ಒಂದು ಮೂಟೆಯಿಂದ ಇನ್ನೊಂದು ಮೂಟೆಗೆ ನಡೆಯುತ್ತಲೇ ಅದನ್ನೆಲ್ಲ ಕಂಡು, ಕೂಗಿ, ಮುಗಿಸಬೇಕು. “ನನ್ನ ಕಣ್ಣು ತಪ್ಪಿಸಿ ಒಂದು ಬೆರಳು ಆಡಿಲ್ಲ ಕಣವ್ವ ಆ ಕಟ್ಟೇಲಿ” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಾವು ಪರೀಕ್ಷಿಸಿಯೂ ನೋಡಿದ್ದೆವು. ಹತ್ತು ಜನ ಸುತ್ತ ಕೂತು, ಯಾರು ಕಣ್ಣು ಮಿಟುಕಿಸಿದರೂ ಅವರು ಹೆಸರು ಹಿಡಿದು ಹೇಳಿದರು. ಅಧ್ಯಕ್ಷರ ಸುತ್ತಿಗೆಯ ಬದಲು ಹಿತ್ತಲಲ್ಲಿದ್ದ ಒಂದು ಸಣ್ಣ ಮರದ ಕೊಡತಿಯನ್ನು ತೊಳೆದು ತಂದಿದ್ದರು.

ಆ ವರ್ಷ ಮಳೆ ಹಿಡಿದುಕೊಂಡದ್ದು ಬಿಡಲೇ ಇಲ್ಲ. ಕಾವೇರಿ ದೇವಸ್ಥಾನದ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಬಂದಳು. ಹೊಲದಲ್ಲಿ ನೀರು ನಿಂತು ಹೊಗೆಸೊಪ್ಪು ಹಣ್ಣಾಗುವ ಮೊದಲೇ ಹಳದಿಗೆ ತಿರುಗಿತ್ತು. ಕಿತ್ತಷ್ಟನ್ನು ತಂದು ಬ್ಯಾರನ್ನಿಗೆ ಏರಿಸುವುದೇ ಎಲ್ಲರ ಗಡಿಬಿಡಿ. ಶೆಡ್ಡಿನ ಒಂದು ಕಡೆ ಹೆಂಗಸರು ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು, ಇನ್ನೊಂದು ಕಡೆ ಜಗತ್ತಿನ ದೇಶಗಳು ಜಗಳವಾಡುತ್ತಿದ್ದವು. ಬೋರೇಗೌಡರು ಪಂಚೆ ಎತ್ತಿಕಟ್ಟಿ, “ನಮ್ಮ ಹೊಗೆಯನ್ನು ಕಡಿಮೆ ಮಾಡೆಂದು ಹೇಳಲು ನೀವ್ಯಾರು?” ಎಂದು ಗುಡುಗುತ್ತಿರುವಾಗಲೇ ಒಲೆಗೆ ಸೌದೆ ನೂಕುವ ಹೊತ್ತಾಗುತ್ತಿತ್ತು. ಹೋಗಿ ನೂಕಿ ಬಂದು, ಬಿಟ್ಟ ಮಾತಿನಿಂದಲೇ ಮತ್ತೆ ಗುಡುಗುತ್ತಿದ್ದರು.

ನಾಟಕದಲ್ಲಿ ಭೂಮಿಯ ಬಿಸಿ ಒಂದೂವರೆ ಡಿಗ್ರಿಗಿಂತ ಏರಬಾರದೆಂಬ ಮಾತಿಗೆ ದೇಶಗಳು ಹೊಡೆದಾಡುವ ಭಾಗವಿದೆ. ಇದು ಜನಕ್ಕೆ ಅರ್ಥವಾಗುವುದೋ ಇಲ್ಲವೋ ಎಂದು ಮೇಷ್ಟ್ರಿಗೆ ಅಳುಕು. ಬೋರೇಗೌಡರು ಬ್ಯಾರನ್ನಿನ ಸಣ್ಣ ಗಾಜಿನ ಕಿಂಡಿ ತೋರಿಸಿದರು. ಒಳಗೆ ಥರ್ಮಾಮೀಟರ್ ತೂಗುತ್ತಿತ್ತು. “ಬೇರೆ ಊರೋರಿಗೆ ಗೊತ್ತಾಗ್ದೇ ಇರಬೋದು ಸಾ. ನಮ್ಮೂರಲ್ಲಿ ಯಾರ್ನ ಬೇಕಾರೆ ಕೇಳಿ. ಎರಡು ಡಿಗ್ರಿ ಎಚ್ಚುಕಮ್ಮಿ ಆದ್ರೆ ಇಡೀ ಬ್ಯಾರನ್ ಸೊಪ್ಪು ಕಪ್ಗಾಗೋಯ್ತದೆ. ಅದುಕ್ಕೇ ಅಲ್ವಾ ನಾವು ನಿದ್ದೆಗೆಡೋದು?” ಮೇಷ್ಟ್ರು ಆ ದಿನ ಮನೆಗೆ ಹೋಗುವಾಗ ಕೊಡೆಯನ್ನೇ ಮರೆತು ಹೋದರು, ಅಷ್ಟು ಖುಷಿ ಅವರಿಗೆ.

ನನ್ನ ಕೆಲಸ ಸುಮ್ಮನೆ ಕೂರುವುದು. ಅದರಲ್ಲಿ ನನಗೆ ಸಾಕಷ್ಟು ಅಭ್ಯಾಸವಿತ್ತು. ತೊಂದರೆಯಾದದ್ದು ಕೊನೆಯ ಮಾತಿನಲ್ಲಿ. ಅಧ್ಯಕ್ಷರು, “ಒಪ್ಪಂದದ ಕರಡಿಗೆ ಯಾರದಾದರೂ ತಕರಾರಿದೆಯೇ?” ಎಂದು ಕೇಳುತ್ತಾರೆ. ನಾನು ನನ್ನ ದೇಶದ ಹೆಸರಿನ ಹಲಗೆಯನ್ನು ಎತ್ತುತ್ತೇನೆ. ಮಾತಾಡಲು ಬಿಡುತ್ತಾರೆ. ಮಾತು ಮುಗಿದ ಮೇಲೂ ಅವರು ಸುತ್ತಿಗೆ ಬಡಿಯುತ್ತಾರೆ, ಪರದೆ ಬೀಳುತ್ತದೆ. ಮೇಷ್ಟ್ರು ಬರೆದಿದ್ದ ಮಾತು ಹೀಗೆ ಶುರುವಾಗುತ್ತಿತ್ತು: “ಅಧ್ಯಕ್ಷರೇ, ನಾವು ನಿಮ್ಮಿಂದ ಏನನ್ನೂ ಬೇಡಲು ಬಂದಿಲ್ಲ. ನಮ್ಮ ನೆಲ ಮುಳುಗುವುದು ನಮಗೆ ಗೊತ್ತಿದೆ. ಆದರೆ ನಾವು ಅದಕ್ಕೆ ಒಪ್ಪಿದೆವು ಎಂದು ಮಾತ್ರ ಬರೆಯಬೇಡಿ.”

ಆ ಮೂರನೇ ವಾಕ್ಯಕ್ಕೆ ಬಂದರೆ ನನ್ನ ದನಿ ನಿಂತುಹೋಗುತ್ತಿತ್ತು. ಮೇಷ್ಟ್ರು ಪಾಪ, ನಾನು ಮರೆತೆ ಎಂದುಕೊಂಡು ಪಕ್ಕದಿಂದ ಮೆಲ್ಲಗೆ ಹೇಳಿಕೊಡುತ್ತಿದ್ದರು. ಒಂದು ಭಾನುವಾರ, ಜೋರು ಮಳೆ ತಗಡಿನ ಮೇಲೆ ಬಡಿಯುತ್ತಿದ್ದಾಗ, ಅದು ತಾನಾಗೇ ಬಂತು. ಮಳೆಯನ್ನು ಮೀರಿಸಬೇಕಿತ್ತಲ್ಲ, ಕೂಗಿಯೇ ಹೇಳಿದೆ, ನಾಲ್ಕು ನಿಮಿಷವೂ. ಮುಗಿಸಿದಾಗ ಸೊಪ್ಪು ಕಟ್ಟುತ್ತಿದ್ದ ಹೆಂಗಸರ ಕೈ ನಿಂತಿತ್ತು. ಬೋರೇಗೌಡರ ಹೆಂಡತಿ ಜಯಮ್ಮ ಎದ್ದು ಬಂದು ನನ್ನ ಎದುರಿಗೆ ನಿಂತು, “ಯಾರವ್ವ ನಿನ್ನ ಕೇಳ್ದೆ ಒಪ್ಕಂಡೋರು?” ಎಂದರು. ನಾಟಕದ್ದು ಕಣಮ್ಮ ಎಂದೆ. “ನಂಗೊತ್ತು ಬುಡು” ಎಂದು, ಅಂಟು ಅಂಟಾದ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದು ಕೊಟ್ಟರು. ಎರಡು ವರ್ಷದಲ್ಲಿ ಇನ್ನೊಬ್ಬರು ತಟ್ಟಿಕೊಟ್ಟ ರೊಟ್ಟಿ ನಾನು ತಿಂದದ್ದು ಅದೇ ಮೊದಲು. ಅಳು ಬಂತು, ಚಟ್ನಿ ಖಾರ ಎಂದೆ.

ಆ ದಿನ ಬಸ್ಸಿನಲ್ಲಿ ಬರುವಾಗ ತೀರ್ಮಾನ ಮಾಡಿದೆ, ಅಣ್ಣನನ್ನು ನಾಟಕಕ್ಕೆ ಕರೆಯಬೇಕು. ನನ್ನ ಬಾಯಿಂದ ಆ ಮಾತು ಅವನ ಕಿವಿಗೆ ಬೀಳಬೇಕು. ದ್ವೀಪದ್ದೋ ನನ್ನದೋ, ಅವನಿಗೆ ತಿಳಿಯುತ್ತದೆ. ತಿಳಿದರೆ ಸಾಕು, ಮುಂದೆ ಅವನು ಏನೂ ಮಾಡಬೇಕಾಗಿಲ್ಲ. ಆಮಂತ್ರಣದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ, ಕೆಳಗೆ “ನಂದೊಂದು ಪಾತ್ರ ಇದೆ ಅಣ್ಣ, ಬಾ” ಎಂದು ಬರೆದೆ. ಎರಡು ಗೀಟು ನೀಲಿಯಾದವು. ಉತ್ತರ ಬರಲಿಲ್ಲ. ಆ ಒಂದು ವಾರ ನಾನು ಆ ನೀಲಿ ಗೀಟುಗಳನ್ನು ನೋಡಿದಷ್ಟು ಸಲ ನನ್ನ ಮಾತನ್ನು ಬಾಯಿಪಾಠ ಮಾಡಿಲ್ಲ.

ಸ್ಪರ್ಧೆ ಒಂದು ಭಾನುವಾರ ಮಧ್ಯಾಹ್ನ, ಹಾಸನದಲ್ಲಿ. ನಿಯಮ ಬಿಗಿಯಾಗಿತ್ತು. ಒಂದು ತಂಡಕ್ಕೆ ತೊಂಬತ್ತು ನಿಮಿಷ. ಎಂಬತ್ತೆಂಟಕ್ಕೆ ಸಭಾಂಗಣದ ಹಿಂದೆ ಕೆಂಪು ದೀಪ ಹತ್ತುತ್ತದೆ, ತೊಂಬತ್ತು ದಾಟಿದರೆ ತಂಡ ಹೊರಗೆ. ರಾಮನಾಥಪುರದಿಂದ ಮೂರು ಟೆಂಪೋ ತುಂಬಾ ಜನ ಬಂದಿದ್ದರು, ಸೊಪ್ಪು ಕಟ್ಟುವ ಕೆಲಸಕ್ಕೆ ಒಂದು ದಿನ ರಜೆ ಹಾಕಿ. ನಾನು ಪರದೆಯ ಅಂಚಿನಿಂದ ಇಣುಕಿದೆ. ಐದನೇ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಣ್ಣ ಕೂತಿದ್ದ. ಬಂದಿದ್ದಾನೆ ಎಂದು ಮೇಷ್ಟ್ರಿಗೆ ಹೇಳಿದೆ. ಯಾರು ಎಂದು ಅವರು ಕೇಳಲಿಲ್ಲ, ಅವರ ಕಣ್ಣೆಲ್ಲ ಗಡಿಯಾರದ ಮೇಲಿತ್ತು.

ನಾಟಕ ಚೆನ್ನಾಗಿಯೇ ಹೊರಟಿತು. ಬಲಾಢ್ಯ ದೇಶ ಎದ್ದು ನಿಲ್ಲುವವರೆಗೆ. ಬೋರೇಗೌಡರಿಗೆ ಕೋಟು ತೊಡಿಸಿದ್ದೆವು, ಟೈ ಕಟ್ಟಿದ್ದೆವು, ಆದರೆ ಎದುರಿಗೆ ಅಷ್ಟು ಜನ ಕಂಡದ್ದೇ ಅವರೊಳಗಿನ ದುರ್ಯೋಧನ ಎದ್ದುಬಿಟ್ಟ. “ನಾವು ಒಂದು ಗೇಣು ಹಿಂದೆ ಸರಿಯುವುದಿಲ್ಲ!” ಎಂದು ತೊಡೆ ತಟ್ಟಿ, ಕೊನೆಯ ಸಾಲನ್ನು ರಾಗವಾಗಿ ಎಳೆದರು. ಸಭಾಂಗಣ ಎದ್ದು ಕುಣಿಯಿತು. “ಒನ್ಸ್ ಮೋರ್! ಒನ್ಸ್ ಮೋರ್!”

ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಒನ್ಸ್ ಮೋರ್ ಬಿದ್ದರೆ ನಟ ಮತ್ತೆ ಮಾಡಲೇಬೇಕು. ಮಾಡದಿದ್ದರೆ ಜನರಿಗೆ ಅವಮಾನ ಮಾಡಿದ ಹಾಗೆ. ಬೋರೇಗೌಡರು ಮತ್ತೆ ಮೊದಲಿನಿಂದ ಶುರುಮಾಡಿದರು. ಎರಡನೇ ಸಲಕ್ಕೆ ಅವರ ಷಡ್ಡಕ ಸೇವಂತಿಗೆ ಹಾರ ಹಿಡಿದು ರಂಗಕ್ಕೇ ಹತ್ತಿದರು. ಹಾರ ಹಾಕಿಸಿಕೊಂಡು, ಕೈ ಮುಗಿದು, ಮೂರನೇ ಸಲ. ಆಮೇಲೆ ಎಣ್ಣೆ ದೇಶಕ್ಕೂ ಒಂದು ಒನ್ಸ್ ಮೋರ್ ಬಿತ್ತು, ನಿಲುವಂಗಿಯ ಚೆಂದಕ್ಕೆ. ಭೂಮಿಯನ್ನು ಹಾಳು ಮಾಡುತ್ತೇವೆ ಎನ್ನುವವರ ಮಾತನ್ನೇ ಜನ ಮತ್ತೆ ಮತ್ತೆ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದ ಪರದೆಯ ಮರೆಯಲ್ಲಿ ಮೇಷ್ಟ್ರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದರು. ನನಗೆ ಮೊದಲು ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ನಗು ನಿಂತಿತು.

ಶಿವಲಿಂಗಪ್ಪನವರು ಅಧ್ಯಕ್ಷ ಪೀಠದಿಂದ ಕರಡನ್ನು ಓದುತ್ತಿರುವಾಗಲೇ ಹಿಂದೆ ಕೆಂಪು ದೀಪ ಹತ್ತಿತು. “ಸಭೆಯ ಮುಂದಿರುವ ಕರಡಿಗೆ ಯಾರದಾದರೂ ತಕರಾರಿದೆಯೇ?” ಎಂದರು.

ನಾನು ಹಲಗೆ ಎತ್ತಿದೆ. ಎರಡೂ ಕೈಯಲ್ಲಿ, ತಲೆಗಿಂತ ಮೇಲೆ. ಅವರ ಕಣ್ಣು ನನ್ನ ಮೇಲೆ ಬಂತು, ನಿಂತಿತು. ಆಮೇಲೆ ದೂರದ ಕೆಂಪು ದೀಪದ ಕಡೆಗೆ ಹೋಯಿತು.

“ಯಾರದೂ ಇಲ್ಲ. ಕರಡು ಸರ್ವಾನುಮತದಿಂದ ಅಂಗೀಕಾರವಾಗಿದೆ.” ಕೊಡತಿ ಮೇಜಿನ ಮೇಲೆ ಬಿತ್ತು.

ಪರದೆ ಎಳೆದರು. ನಾನು ಹಲಗೆ ಹಿಡಿದು ಹಾಗೇ ನಿಂತಿದ್ದೆ. ಚಪ್ಪಾಳೆ ಆ ಕಡೆಯಿಂದ ಕೇಳುತ್ತಿತ್ತು. ಮುಂದಿನ ತಂಡದವರು ಆಗಲೇ ತಮ್ಮ ಮಂಚ, ಕುರ್ಚಿ ಹೊತ್ತು ರಂಗಕ್ಕೆ ನುಗ್ಗುತ್ತಿದ್ದರು, “ಅಕ್ಕಾ, ಸ್ವಲ್ಪ ಸರ್ಕೊಳಿ” ಎಂದರು. ಸರಿದೆ. ಶಿವಲಿಂಗಪ್ಪನವರು ನನ್ನ ಪಕ್ಕದಲ್ಲೇ ಹಾದುಹೋದರು, ಕೋಟಿನ ಗುಂಡಿ ಬಿಚ್ಚುವುದರಲ್ಲಿ ಬಹಳ ಮಗ್ನರಾಗಿ. ನಾನು ಅವರನ್ನು ಏನೂ ಕೇಳಲಿಲ್ಲ. ಕೇಳಿ ಏನು? ಅವರು ತಂಡವನ್ನು ಉಳಿಸಿದ್ದರು. ಬೋರೇಗೌಡರೊಬ್ಬರೇ ಹಾರವನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು. “ನನ್ನಿಂದ ಆಯ್ತು ಕಣವ್ವ. ಜನ ಕೂಗುದ್ರೆ ನಂಗೆ ಮೈಮೇಲೆ ಗ್ಯಾನ ಇರಕಿಲ್ಲ” ಎಂದರು. ಅವರ ಕಣ್ಣಿನಲ್ಲಿ ನಿಜವಾಗಿ ನೀರಿತ್ತು. ಓಗ್ಲಿ ಬುಡಿ ಗೌಡ್ರೇ ಎಂದು ಅವರ ಮಾತಿನಲ್ಲೇ ಹೇಳಿದೆ.

ಮಾರನೇ ದಿನ ಫಲಿತಾಂಶ ಬಂತು. ನಮ್ಮ ತಂಡಕ್ಕೆ ಎರಡನೇ ಬಹುಮಾನ, ಬೋರೇಗೌಡರು ಉತ್ತಮ ನಟ. ತೀರ್ಪುಗಾರರು ಒಂದು ಮಾತನ್ನು ಮೆಚ್ಚಿ ಬರೆದಿದ್ದರಂತೆ: ದ್ವೀಪ ದೇಶಕ್ಕೆ ಒಂದು ಮಾತನ್ನೂ ಕೊಡದೆ ನಾಟಕವನ್ನು ಮುಗಿಸಿದ್ದು ನಿರ್ದೇಶಕರ ಜಾಣತನ. ಮೇಷ್ಟ್ರು ಇದನ್ನು ಫೋನಿನಲ್ಲಿ ಹೇಳಿದರು. ಅಭಿನಂದನೆ ಸಾರ್ ಎಂದೆ.

ಆದರೆ ಅದು ಮಾರನೇ ದಿನದ ಮಾತು. ಆವತ್ತು ಬಣ್ಣ ಒರೆಸಿಕೊಂಡು ಹೊರಗೆ ಬಂದಾಗ ಅಣ್ಣ ಗೇಟಿನ ಹತ್ತಿರ ಕಾಯುತ್ತಿದ್ದ. ಮಳೆ ನಿಂತು ಬಿಸಿಲು ಬಂದಿತ್ತು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದೆವು. ದಾರಿಯಲ್ಲಿ ಅವ್ವನ ಮಂಡಿನೋವು ಮುಗಿಯಿತು, ಕೊಬ್ಬರಿ ಬೂಷ್ಟು ಹಿಡಿದದ್ದು ಮುಗಿಯಿತು. ನಿಲ್ದಾಣದಲ್ಲಿ ಎರಡು ಕಾಫಿ ತಂದ. ಸಿಮೆಂಟಿನ ಬೆಂಚಿನ ಮೇಲೆ ಕೂತೆವು.

“ನಿಂದು ಮಾತೇ ಇರ್ಲಿಲ್ವಲ್ಲೇ ಮಂಗಳಾ” ಎಂದ.

“ಇತ್ತು. ಟೈಮಾಯ್ತು ಅಂತ ಬಿಟ್ರು.”

“ಹಂಗೇ ಅಂದ್ಕೊಂಡೆ.” ಕಾಫಿ ಕುಡಿದ. ಮಂಡಿಯಲ್ಲಿ ದಿನವಿಡೀ ವ್ಯಾಪಾರಿಗಳ ಮುಖ ನೋಡುವವನು ಅವನು. “ಆ ಅಧ್ಯಕ್ಷ ನಿನ್ನ ನೋಡ್ದ ಕಣೇ. ನೋಡೇ ಬಡಿದ.”

“ಹೂಂ.”

ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಆಮೇಲೆ, “ನಾನೂ ನೋಡಿದ್ದೆ” ಎಂದ.

“ನೀನು ಎದುರಿಗೇ ಕೂತಿದ್ದೆ, ನೋಡದೆ ಏನು?”

“ಇವತ್ತಲ್ಲ. ಅವತ್ತು, ಪಡಸಾಲೆಲಿ. ನೀನು ಬಾಗಿಲಿಂದ ಮುಂದಕ್ಕೆ ಬಂದೆ. ಏನೋ ಹೇಳಕ್ಕೆ ಬಾಯಿ ತೆಗೆದೆ. ನಾನು ನೋಡ್ದೆ.”

ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ನನ್ನ ಗಂಟಲಿನಲ್ಲಿ ಸೋಮವಾರದ ಆ ಗಾಳಿ ಮಾತ್ರ ಇತ್ತು. ಬಹಳ ಹೊತ್ತಿನ ಮೇಲೆ, “ಮತ್ತೆ ಯಾಕೆ ಸುಮ್ನಿದ್ದೆ ಅಣ್ಣ?” ಎಂದೆ.

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ, ಅದು ನನಗೆ ಕಾಣುತ್ತಿತ್ತು. ಸುಳ್ಳು ಹೇಳುವ ಮನುಷ್ಯ ಅವನಲ್ಲ. “ಏನೋ ಕಣೇ, ಹೊತ್ತಾಗಿತ್ತು. ಎಲ್ರೂ ಊಟಕ್ಕೆ ಏಳೋ ಹಂಗಿದ್ರು” ಎಂದ.

ಅವನು ನೋಡಲಿಲ್ಲ ಎಂದುಕೊಂಡರೂ ಅನುಮಾನ ಬಂದಾಗಲೆಲ್ಲ, ಆ ಎರಡು ವರ್ಷದಲ್ಲಿ ಅವನ ಮೌನಕ್ಕೆ ನಾನು ಎಷ್ಟೊಂದು ಕಾರಣಗಳನ್ನು ಕಟ್ಟಿಕೊಟ್ಟಿದ್ದೆ. ದೊಡ್ಡಪ್ಪನ ಮೇಲಿನ ಭಯ ಇರಬೇಕು, ಮನೆಯ ಮರ್ಯಾದೆ ಇರಬೇಕು, ನನ್ನ ಒಳಿತಿಗೇ ಇರಬೇಕು. ಇದೊಂದು ನನಗೆ ಹೊಳೆದಿರಲಿಲ್ಲ. ಆವತ್ತು ಅಷ್ಟೂ ಜನಕ್ಕೆ ಬೆಳಗ್ಗೆಯಿಂದ ಅಡುಗೆ ಮಾಡಿದವಳು ನಾನು. ಎಲೆ ಹಾಕಿ ಬಡಿಸಿದವಳೂ ನಾನೇ. ಸಾರು ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡವನು ಅವನು.

ಹೇಳಿಬಿಟ್ಟದ್ದರಿಂದ ಅವನ ಮುಖ ಹಗುರವಾಗಿತ್ತು. ಅವತ್ತು ಏನು ಹೇಳಬೇಕೆಂದಿದ್ದೆ ಎಂದು ಈಗಲಾದರೂ ಕೇಳುತ್ತಾನೆ ಎಂದು ಕಾದೆ. ನಾಲ್ಕು ನಿಮಿಷವೂ ಬೇಕಿರಲಿಲ್ಲ, ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಚನ್ನರಾಯಪಟ್ಟಣದ ಬಸ್ಸು ಬಂದು ನಿಂತಿತು. ಅವನು ಕೈಚೀಲದಿಂದ ಅವ್ವ ಕಳಿಸಿದ್ದ ಉಪ್ಪಿನಕಾಯಿಯ ಬಾಟಲಿ ತೆಗೆದು ನನ್ನ ಕೈಗಿಟ್ಟು, ಓಡಿ ಹೋಗಿ ಸೀಟು ಹಿಡಿದ.

ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, “ರೂಮಿಗೆ ಹೋಗಿ ಇನ್ನು ಯಾವಾಗ ಬೇಯಿಸ್ತೀಯ, ಇಲ್ಲೇ ಎಲ್ಲಾದ್ರೂ ಊಟ ಮಾಡ್ಕೊಂಡು ಹೋಗೇ” ಎಂದು ಕೂಗಿದ. ನಿಜವಾದ ಕಾಳಜಿಯಿಂದಲೇ ಹೇಳಿದ, ಅದೇ ನನಗೆ ಕಷ್ಟವಾದದ್ದು.

ಆಯ್ತಣ್ಣ ಎಂದೆ.